ಪರದೇಶಿಯೂ ಅತಿಥಿಸತ್ಕಾರವೂ

ಓದತಕ್ಕ ವಾಕ್ಯ: ಅಪೊಸ್ತಲರ ಕೃತ್ಯಗಳು 16:11–15, 33–34, ಲೂಕನು 10:5–8.



ಪರಸ್ಥಳದವನು ಮನೆಗೆ ಬಂದರೆ ಮೊದಲು ಕೈಕಾಲಿಗೆ ನೀರು, ಆಮೇಲೆ ಬೆಲ್ಲ ನೀರು, ಊಟವಾದ ಬಳಿಕ ಎಲೆಯಡಿಕೆ ಕೊಡುವದು ಅಮೃತಾಪುರದ ಸುತ್ತಣ ನಮ್ಮ ಹಳ್ಳಿಗಳಲ್ಲಿ ಹಿರಿಯರು ನಡಿಸಿಕೊಂಡು ಬಂದ ಮರ್ಯಾದೆ. ಆದರೆ ನೀರು ಕೊಡುವದಕ್ಕೆ ಮುಂಚೆ ಜಾತಿಯನ್ನು ವಿಚಾರಿಸಿ, ಕೇಳಿದ ಮೇಲೆ ಜಗಲಿಯ ಕೆಳಗೆ ನಿಲ್ಲಿಸಿದ್ದೂ ಉಂಟು. ನಮ್ಮಲ್ಲಿ ಅನೇಕರ ತಂದೆತಾಯಿಗಳು ಹಾಗೆ ನಿಂತವರೇ. ಈಗ ನಮ್ಮ ಯೌವನಸ್ಥರು ಜೀವನಾರ್ಥವಾಗಿ ಬೆಂಗಳೂರಿಗೂ ಅರಬ್ ದೇಶಗಳಿಗೂ ಹೋಗುತ್ತಾರೆ. ಆದಕಾರಣ ಅನ್ಯರ ನಡುವೆ ಸ್ನೇಹವನ್ನು ಗಳಿಸುವದು ಹೇಗೆಂಬದನ್ನು ದೇವರ ವಾಕ್ಯದಿಂದ ಕಲಿಯೋಣ.

1. ಸತ್ಕಾರವನ್ನು ದೀನತೆಯಿಂದ ಅಂಗೀಕರಿಸಬೇಕು. ಪೌಲನೂ ಅವನ ಜೊತೆಯವರೂ ಸಮುದ್ರ ದಾಟಿ ಫಿಲಿಪ್ಪಿಗೆ ಬಂದರು. ಹೊಳೆಯ ದಡದಲ್ಲಿ ಕೂಡಿದ್ದ ಸ್ತ್ರೀಯರ ಸಂಗಡ ಕೂತು ಮಾತಾಡಿದ್ದೇ ಅಲ್ಲಿ ಅವರ ಸ್ನೇಹದ ಆರಂಭವು. ಲುದ್ಯಳು ತನ್ನ ಮನೆಯಲ್ಲಿ ಇಳುಕೊಳ್ಳಬೇಕೆಂದು ಬಲವಂತ ಮಾಡಿದಳು. ಯೆಹೂದ್ಯನಾದ ಪೌಲನು ಅನ್ಯಜನರ ಅನ್ನವೆಂದು ಹಿಂಜರಿಯಲಿಲ್ಲ. ಬಡಿಸಿದ್ದನ್ನು ಉಣ್ಣಬೇಕೆಂಬದು ಕರ್ತನು ತನ್ನ ಶಿಷ್ಯರಿಗೆ ಕೊಟ್ಟ ಅಪ್ಪಣೆಯಷ್ಟೆ. ಕೊಡುವವನು ದೊಡ್ಡವನೆನ್ನಿಸಿಕೊಳ್ಳುವದು ಸುಲಭ. ಕೈಯೊಡ್ಡಿ ತೆಗೆದುಕೊಳ್ಳುವದಕ್ಕೆ ಗರ್ವವನ್ನು ಬಿಡಬೇಕು.

2. ಪರದೇಶಿಯ ಕಷ್ಟವನ್ನು ಪರದೇಶಿಯೇ ಬಲ್ಲನು. ಲುದ್ಯಳು ಫಿಲಿಪ್ಪಿಯವಳಲ್ಲ, ಸಮುದ್ರದಾಚೆಯ ಥುವತೈರದವಳು. ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದಳು. ಬೇರೆ ಊರಿನಿಂದ ಬಂದವಳೇ ಬೇರೆ ಊರಿನವರಿಗೆ ಬಾಗಿಲು ತೆರೆದಳು.

3. ನಮ್ಮ ನಾಡಿನ ದೃಷ್ಟಾಂತ. ಮಂಗಳೂರಿನ ಬ್ರಾಹ್ಮಣ ಯುವಕನಾದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಸ್ವಜನರಿಂದ ಅಗಲಬೇಕಾಯಿತು. 1846ರಲ್ಲಿ ಅವರು ತಮ್ಮ ಗುರುಗಳಾದ ಹೆರ್ಮನ್ ಮೋಗ್ಲಿಂಗರ ಸಂಗಡ ಯುರೋಪಿಗೆ ಹೋಗಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸೆಮಿನರಿಯಲ್ಲಿ ಓದಿ, 1851ರಲ್ಲಿ ಬೋಧಕರಾಗಿ ತಿರಿಗಿ ಬಂದರು. ಅಲ್ಲಿ ಭಾಷೆ, ಆಹಾರ, ಚಳಿ ಎಲ್ಲವೂ ಹೊಸದು. ಆದರೂ ಪಂಕ್ತಿಯಲ್ಲಿ ಸ್ಥಳವಿತ್ತು. ಮುಂದೆ 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬಾಕೆ ಅವರ ಹೆಂಡತಿಯಾದರು. ಆಗ ಆಕೆ ಈ ದೇಶದಲ್ಲಿ ಪರದೇಶಿ, ಅವರು ಮನೆಯ ಯಜಮಾನರು. ನಿನ್ನೆಯ ಅತಿಥಿಯೇ ಇಂದು ಸತ್ಕಾರ ಮಾಡತಕ್ಕವನು.

4. ನಮ್ಮ ಕರ್ತವ್ಯ. ಪರಸ್ಥಳಕ್ಕೆ ಹೋಗುವ ಮಕ್ಕಳೇ, ಮೊದಲು ಆ ಊರಿನ ಮಾತನ್ನು ಕಲಿಯಿರಿ. ಪ್ರೀತಿಯಿಂದ ಕರೆದವರ ಮನೆಗೆ ಹೋಗಿರಿ. ಉಂಡ ಮನೆಯನ್ನು ಊರು ಬಿಟ್ಟ ಮೇಲೂ ಮರೆಯಬೇಡಿರಿ. ಫಿಲಿಪ್ಪಿಯವರು ದೂರದಲ್ಲಿದ್ದ ಪೌಲನಿಗೆ ಸಹಾಯ ಕಳುಹಿಸಿದರು. ಅವನು ಕೃತಜ್ಞತೆಯಿಂದ ಪತ್ರ ಬರೆದನು. ಊರಲ್ಲಿರುವ ನಾವಾದರೋ, ನಮ್ಮ ಸೀಮೆಯ ಕಾಫಿ ತೋಟಗಳಿಗೆ ಅಸ್ಸಾಮಿನಷ್ಟು ದೂರದಿಂದ ಬಂದ ಕೂಲಿಯವರನ್ನು ಕಂಡಿದ್ದೇವೆ. ಅವರು ನೀರು ಕೇಳಿದರೆ ಚೊಂಬು ಕೊಡುವೆವೋ, ಕುಲ ಕೇಳುವೆವೋ? ಜಗಲಿಯ ಕೆಳಗೆ ನಿಂತವರ ಮಕ್ಕಳು ಮತ್ತೊಬ್ಬನನ್ನು ಅಲ್ಲಿಯೇ ನಿಲ್ಲಿಸಿದರೆ ನಾವು ಹೊಂದಿದ ದೀಕ್ಷಾಸ್ನಾನದ ಫಲವೇನು?

ಪ್ರಶ್ನೆಗಳು

1. ಫಿಲಿಪ್ಪಿಯಲ್ಲಿ ಪೌಲನ ಸ್ನೇಹವು ಯಾವ ಸ್ಥಳದಲ್ಲಿ ಆರಂಭವಾಯಿತು?
2. ಸೆರೆಮನೆಯ ಯಜಮಾನನು ಪೌಲನಿಗೂ ಸೀಲನಿಗೂ ಮಾಡಿದ ಎರಡು ಉಪಕಾರಗಳು ಯಾವವು?
3. ಈ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತುಕೊಳ್ಳತಕ್ಕ ಪರಸ್ಥಳದವನು ಯಾರು?