ಹೊಳೆಯ ತಿರುವಿನ ಊರು

ಭೂಗೋಳದ ಪಠ್ಯಪುಸ್ತಕವು ಶೀತವಲಯವನ್ನು ಒಂದೂವರೆ ಪುಟದಲ್ಲಿ ಮುಗಿಸಿಬಿಡುತ್ತದೆ. ಇದರಿಂದ ನಮಗೆ ತೃಪ್ತಿಯಾಗಲಿಲ್ಲ. ಒಂದು ವಲಯವನ್ನೆಲ್ಲ ಮೇಲಿಂದ ಮೇಲೆ ನೋಡುವುದಕ್ಕಿಂತ ಅಲ್ಲಿಯ ಒಂದೇ ಊರನ್ನು ಹೊಕ್ಕು ನೋಡುವುದು ಲೇಸೆಂದು ಬಗೆದು, ಗೋಡೆಯ ಭೂಪಟದ ಮುಂದೆ ನಿಂತು ನಾವು ಪ್ರವಾಸ ಹೊರಟೆವು. ಟಿಕೇಟಿನ ಖರ್ಚಿಲ್ಲದ ಪ್ರವಾಸವಿದು. ನಾವು ಆರಿಸಿಕೊಂಡ ಊರು ಉತ್ತರ ಸ್ವೀಡನ್ನಿನ ಯೊಕ್‌ಮೊಕ್.

ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಉತ್ತರಕ್ಕೆ ಹೋಗುವ ರಾತ್ರಿಯ ರೈಲು ಹತ್ತಿದರೆ ಮರುದಿನ ಮುರ್ಯೆಕ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಮುಂದೆ ಬಸ್ಸು. ಇಕ್ಕೆಲದಲ್ಲಿಯೂ ಪೈನ್, ಸ್ಪ್ರೂಸ್, ಭೂರ್ಜ ವೃಕ್ಷಗಳ ಕಾಡು. ಬೇಸಗೆಯಲ್ಲಾದರೆ ಒಳನಾಡಿನ ಇನ್ನೊಂದು ರೈಲುಮಾರ್ಗವೂ ಉಂಟು. ಅದರ ಉದ್ಘಾಟನೆಯು ೧೯೩೭ರಲ್ಲಿ ಇದೇ ಊರಿನಲ್ಲಿ ಜರುಗಿತು. ಸುಮಾರು ಮೂರು ಸಾವಿರ ಜನರ ಈ ಊರು ನಮ್ಮ ಮುಂಬಯಿಯ ಕೆಲವು ಚಾಳುಗಳ ಸಮೂಹಕ್ಕಿಂತ ದೊಡ್ಡದಲ್ಲ.

ಉತ್ತರ ಧ್ರುವವೃತ್ತವು ಊರಿನ ದಕ್ಷಿಣಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಹಾದುಹೋಗುತ್ತದೆ. ಆದುದರಿಂದ ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯನು ನಡುರಾತ್ರಿಯಲ್ಲಿಯೂ ಮುಳುಗುವುದಿಲ್ಲ. ಹಾಗಾದರೆ ಡಿಸೆಂಬರಿನಲ್ಲಿ ಆತನು ಹುಟ್ಟಲೇಬಾರದಲ್ಲವೆ? ಲೆಕ್ಕದ ಪ್ರಕಾರ ಅದು ಸರಿ. ಆದರೆ ಭೂಮಿಯನ್ನು ಸುತ್ತುವರಿದ ವಾಯುಮಂಡಲವು ಬೆಳಕನ್ನು ತುಸು ಬಾಗಿಸುವುದರಿಂದ, ದಿಗಂತದ ಕೆಳಗಿರುವ ಸೂರ್ಯನು ದಿಗಂತದ ಮೇಲಿರುವಂತೆ ತೋರುತ್ತಾನೆ. ಹೀಗಾಗಿ ಮಧ್ಯಾಹ್ನದ ವೇಳೆಗೆ ಬಿಂಬದ ಅಂಚೊಂದು ಇಣುಕಬಹುದು. ಗುಡ್ಡವೂ ಕಾಡೂ ಅದನ್ನು ಮರೆಮಾಡಿದರೆ ಅದೂ ಇಲ್ಲ. ಆಗ ದಿನದ ಬೆಳಕೆಂದರೆ ಕೆಲವು ಗಂಟೆಗಳ ನೀಲಿ ಸಂಧ್ಯೆಯಷ್ಟೆ.

ಯೊಕ್‌ಮೊಕ್ ಎಂಬುದು ಸ್ವೀಡಿಷ್ ಹೆಸರಲ್ಲ. ಆ ಪ್ರಾಂತದ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಯಲ್ಲಿ ಅದರ ಅರ್ಥ ಹೊಳೆಯ ತಿರುವು. ಹಿಂದೆ ಇದು ಸಾಮಿ ಕುಟುಂಬಗಳು ಚಳಿಗಾಲದಲ್ಲಿ ಬಂದು ನೆಲಸುತ್ತಿದ್ದ ತಾಣ. ದೂರದೂರ ಚದುರಿ ಬಾಳುವ ಜನರಿಂದ ಕಂದಾಯ ವಸೂಲು ಮಾಡುವುದು ಹೇಗೆ, ಅವರನ್ನು ಕ್ರೈಸ್ತ ಮತಕ್ಕೆ ತರುವುದು ಹೇಗೆ ಎಂದು ಒಂಬತ್ತನೆಯ ಕಾರ್ಲ್ ದೊರೆಯು ಯೋಚಿಸಿದನು. ಅವರು ಕೂಡುವಲ್ಲಿಯೇ ಸಂತೆ ನೆರೆಯಲೆಂದು ಆಜ್ಞೆ ಹೊರಡಿಸಿದನು. ೧೬೦೫ರಿಂದ ಆ ಜಾತ್ರೆಯು ನಡೆದುಬಂದಿದೆ. ೨೦೦೫ರಲ್ಲಿ ಅದಕ್ಕೆ ನಾಲ್ಕುನೂರು ವರ್ಷ ತುಂಬಿದವು. ಫೆಬ್ರವರಿಯ ಮೊದಲ ಗುರುವಾರ ಮೊದಲಾಗಿ ಮೂರು ದಿನ, ಶೂನ್ಯದ ಕೆಳಗೆ ಮೂವತ್ತು ಡಿಗ್ರಿಗಿಳಿಯಬಲ್ಲ ಚಳಿಯಲ್ಲಿ ಜನರು ಕೂಡುತ್ತಾರೆ. ತುಪ್ಪುಳು, ಚರ್ಮ, ಕೊಂಬಿನ ಹಿಡಿಯ ಚೂರಿ, ಒಣಗಿದ ಮಾಂಸ ಇವುಗಳ ಮಾರಾಟ. ಹೆಪ್ಪುಗಟ್ಟಿದ ಕೆರೆಯ ಮೇಲೆ ಹಿಮಸಾರಂಗಗಳ ಓಟ.

ಇಂಥ ಚಳಿಯಲ್ಲಿಯೇ ಏಕೆ ಜಾತ್ರೆ? ಬೇಸಗೆಯಲ್ಲಿ ಆ ನಾಡು ಜೌಗು, ಹೊಳೆ, ಸೊಳ್ಳೆಗಳ ಬೀಡು, ಸಾಮಾನು ಸಾಗದು. ಹಿಮ ಬಿದ್ದು ನೀರು ಗಟ್ಟಿಯಾದ ಮೇಲೆ ಹೊಳೆಯೇ ಹೆದ್ದಾರಿಯಾಗುತ್ತದೆ, ಹಿಮಸಾರಂಗವು ಎಳೆಯುವ ಜಾರುಬಂಡಿ ಎಲ್ಲಿಗೂ ನಡೆಯುತ್ತದೆ. ಅದೇ ಚಳಿಗೆ ಇನ್ನೊಂದು ಮುಖವಿದೆ. ನೆಲವು ಕಲ್ಲಿನಂತಾಗುವುದರಿಂದ ಹಿಂದೆ ಚಳಿಗಾಲದಲ್ಲಿ ಗೋರಿ ತೋಡಲಾಗುತ್ತಿರಲಿಲ್ಲ. ಹಳೆಯ ಇಗರ್ಜಿಯ ಸುತ್ತಲಿನ ಮರದ ದಿಮ್ಮಿಗಳ ಜೋಡಿಗೋಡೆಯ ನಡುವೆ ಶವಪೆಟ್ಟಿಗೆಗಳನ್ನಿರಿಸಿ, ನೆಲ ಕರಗುವ ವಸಂತಕ್ಕಾಗಿ ಕಾಯುತ್ತಿದ್ದರು. ೧೯೭೨ರಲ್ಲಿ ಸುಟ್ಟುಹೋದ ಆ ಇಗರ್ಜಿಯನ್ನು ಮೊದಲಿನ ಮಾದರಿಯಲ್ಲಿಯೇ ೧೯೭೬ರಲ್ಲಿ ಕಟ್ಟಿದ್ದಾರೆ.

ಇನ್ನು ಹೊಳೆಯ ಕಥೆ. ಇದು ಲೂಲೆ ನದಿಯ ಸೀಮೆ. ೧೯೧೦ರಲ್ಲಿ ಯೊಕ್‌ಮೊಕ್ಕಿನ ಉತ್ತರಕ್ಕಿರುವ ಪೊರ್ಯುಸ್ ಎಂಬಲ್ಲಿ ವಿದ್ಯುದಾಗಾರದ ಕೆಲಸ ಮೊದಲಾದಾಗ ಅಲ್ಲಿಗೆ ರಸ್ತೆಯಿರಲಿಲ್ಲ, ರೈಲೂ ಇರಲಿಲ್ಲ. ಯೆಲ್ಲಿವಾರೆಯಿಂದ ಸುಮಾರು ಐವತ್ತು ಕಿಲೋಮೀಟರು ದೂರ ಕೂಲಿಯಾಳುಗಳು ಸಾಮಾನನ್ನು ಬೆನ್ನ ಮೇಲೆ ಹೊತ್ತು ನಡೆದರು. ೧೯೧೫ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತಿನಿಂದ ಕಬ್ಬಿಣದ ಅದಿರು ಸಾಗಿಸುವ ರೈಲು ಓಡತೊಡಗಿತು. ತರುವಾಯ ಹಾರ್ಸ್‌ಪ್ರೊಂಗೆಟ್ ಜಲಪಾತದ ನೀರನ್ನೂ ತಿರುಗಿಸಿದರು. ಅಲ್ಲಿಂದ ದಕ್ಷಿಣಕ್ಕೆ ೧೯೫೨ರಲ್ಲಿ ಎಳೆದ ೩೮೦ ಕಿಲೋವೋಲ್ಟಿನ ತಂತಿಯು ಜಗತ್ತಿನಲ್ಲಿಯೇ ಆ ಒತ್ತಡದ ಮೊದಲನೆಯದು. ಇಂದು ಈ ನದಿಯ ಮೇಲೆ ೧೫ ವಿದ್ಯುದಾಗಾರಗಳಿವೆ. ಸ್ವೀಡನ್ನಿನ ವಿದ್ಯುತ್ತಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಇದೊಂದರಿಂದಲೇ ದೊರೆಯುತ್ತದೆ.

ಇದನ್ನು ಸಾಧನೆಯೆಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಬೆಲೆ ಕೊಟ್ಟವರಾರು? ೧೯೦೯ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಿದ ಭೂಮಿಯೊಳಗಿನ ಸರೋವರಗಳನ್ನು ಹತ್ತೇ ವರ್ಷಗಳಲ್ಲಿ ಉದ್ಯಾನದಿಂದ ಕಳೆದು, ಸುವೊರ್ವಾ ಅಣೆಕಟ್ಟನ್ನು ಕಟ್ಟಿದರು. ಆ ಬಳಿಕ ಕಟ್ಟೆಯನ್ನು ಮತ್ತೆ ಮತ್ತೆ ಎತ್ತರಿಸಿದರು. ಎತ್ತರಿಸಿದಾಗಲೆಲ್ಲ ದಡದ ಸಾಮಿ ಕುಟುಂಬಗಳ ಮನೆಗಳೂ ಮೇವಿನ ನೆಲವೂ ನೀರಿನ ಪಾಲಾದವು. ೧೯೬೪ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಮನೆ ಬಿಟ್ಟ ಶರಾವತಿ ಕಣಿವೆಯವರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಈ ಸಂಚಿಕೆಯನ್ನು ಓದಿದರೆ, ಅವರಿಗೆ ಈ ಮಾತು ನಮಗಿಂತ ಚೆನ್ನಾಗಿ ತಿಳಿಯುವುದು.

ಕಾಡಿನ ಸಂಗತಿಯೂ ಹಾಗೆಯೇ. ಚಳಿಗಾಲದಲ್ಲಿ ಹಿಮಸಾರಂಗಕ್ಕೆ ಮುಖ್ಯ ಆಹಾರವು ನೆಲದ ಮೇಲೂ ಹಳೆಯ ಮರಗಳ ಮೇಲೂ ಬೆಳೆಯುವ ಒಂದು ಬಗೆಯ ಲೈಕೆನ್. ನಮ್ಮ ತಾಯಂದಿರು ಮಸಾಲೆಗೆ ಹಾಕುವ ಕಲ್ಲುಹೂವು ಇದರ ಬಳಗದ್ದೇ ಎಂದೊಡನೆ ತರಗತಿಯಲ್ಲಿ ನಗು ಎದ್ದಿತು. ಹಿಮವು ಪುಡಿಯಾಗಿದ್ದರೆ ಪ್ರಾಣಿಯು ಗೊರಸಿನಿಂದ ಕೆದರಿ ಅದನ್ನು ತಿನ್ನುತ್ತದೆ. ನಡುಚಳಿಯಲ್ಲಿ ಮಳೆ ಸುರಿದು ಮತ್ತೆ ಹೆಪ್ಪುಗಟ್ಟಿದರೆ ಮೇಲೊಂದು ಮಂಜಿನ ಮುಚ್ಚಳ ಕೂಡುವುದು; ಕೆಳಗೆ ಮೇವಿದ್ದೂ ಹಿಂಡು ಹಸಿಯುವುದು. ಭೂಮಿಯ ತಾಪವು ಏರುತ್ತಿರುವ ಈ ಕಾಲದಲ್ಲಿ ಇಂಥ ಚಳಿಗಾಲಗಳು ಹೆಚ್ಚುತ್ತಿವೆ. ಆಗ ಮರದ ಮೇಲಿನ ಮೇವೇ ಗತಿ. ಅದು ಬೆಳೆಯಲು ಹಳೆಯ ಮರ ಬೇಕು. ಅಲ್ಲಿಯ ಪೈನ್ ಮರ ಕಡಿಯುವಷ್ಟು ಬಲಿಯಲು ನೂರು ವರ್ಷಕ್ಕೂ ಮಿಕ್ಕಿ ಬೇಕು. ಗರಗಸಕ್ಕೆ ಅರ್ಧ ನಿಮಿಷ ಸಾಕು.

ಊರಿನಲ್ಲಿ ೧೯೮೯ರಲ್ಲಿ ತೆರೆದ ವಸ್ತುಸಂಗ್ರಹಾಲಯವೊಂದಿದೆ. ಅದರ ಹೆಸರು ಆಯ್‌ತ್ತೆ, ಎಂದರೆ ಕಣಜ. ನಮ್ಮ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನ ಕುತೂಹಲ ಹುಟ್ಟಿಸಿದ್ದು ಅಲ್ಲಿಯ ಶಾಲೆ. ೧೯೧೩ರ ಕಾನೂನಿನಂತೆ ಅಲೆಮಾರಿ ಸಾಮಿಗಳ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಾದವು. ಉಳಿದ ಮಕ್ಕಳಿಗಿಂತ ಕಡಿಮೆ ವಿದ್ಯೆ ಇವರಿಗೆ ಸಾಕೆಂಬುದು ಸರಕಾರದ ಎಣಿಕೆಯಾಗಿತ್ತು. ಕಲಿಸುತ್ತಿದ್ದುದು ಸ್ವೀಡಿಷ್ ಭಾಷೆಯಲ್ಲಿ. ಆ ಕಾಲದ ಅನ್ಯಾಯಗಳಿಗಾಗಿ ಸ್ವೀಡನ್ನಿನ ಇಗರ್ಜಿಯು ೨೦೨೧ರಲ್ಲಿ ಸಾಮಿ ಜನರ ಕ್ಷಮೆ ಬೇಡಿತು. ಈ ಸೀಮೆಯ ಲೂಲೆ ಸಾಮಿ ನುಡಿಯನ್ನಾಡುವವರು ಸ್ವೀಡನ್, ನಾರ್ವೆ ಎರಡೂ ದೇಶಗಳಲ್ಲಿ ಸೇರಿ ಎರಡು ಸಾವಿರಕ್ಕೆ ಮಿಕ್ಕಿಲ್ಲವೆಂದು ಅಂದಾಜು. ಆದರೂ ಯೊಕ್‌ಮೊಕ್ಕಿನಲ್ಲಿ ಇಂದು ಸಾಮಿ ಶಾಲೆಯಿದೆ. ಮಕ್ಕಳು ಆರನೆಯ ತರಗತಿಯವರೆಗೆ ಅಲ್ಲಿ ತಮ್ಮ ನುಡಿಯನ್ನು ಕಲಿಯುತ್ತಾರೆ.

“ಏಳನೆಯದಕ್ಕೆ ಎಲ್ಲಿಗೆ ಹೋಗುತ್ತಾರೆ?” ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಸ್ವೀಡಿಷ್ ಶಾಲೆಗೆ, ಎಂದೆವು. ಅದಕ್ಕೆ ಬೇರೆ ವಿವರಣೆಯನ್ನು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತು, ಭೂಪಟವನ್ನು ಸುತ್ತಿಟ್ಟೆವು.