ಅಂತರರಾಷ್ಟ್ರೀಯ ವ್ಯವಹಾರಗಳ ವ್ಯಾಸಂಗ

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳನ್ನು ಬೀಳ್ಕೊಡಲು ನಾವು ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ಅಂತರರಾಷ್ಟ್ರೀಯ ವ್ಯವಹಾರಗಳಲ್ಲಿ ಸ್ನಾತಕೋತ್ತರ ಪದವಿಗಾಗಿ ಅವಳು ಪರದೇಶಕ್ಕೆ ಹೊರಟಿದ್ದಳು. ಅವಳ ತಂದೆ ನಮ್ಮನ್ನು ಪಕ್ಕಕ್ಕೆ ಕರೆದು, “ಮಾಸ್ತರೇ, ವೈದ್ಯಕೀಯವೆಂದರೆ ತಿಳಿಯುತ್ತದೆ, ಎಂಜಿನಿಯರಿಂಗ್ ಎಂದರೆ ತಿಳಿಯುತ್ತದೆ. ಇದು ಯಾವ ವಿದ್ಯೆ? ಇದರಲ್ಲಿ ಕಲಿಯುವುದೇನು?” ಎಂದು ಕೇಳಿದರು. ಸಾಲ ಮಾಡಿ ಮಗಳನ್ನು ಕಳುಹಿಸುತ್ತಿದ್ದ ತಂದೆಯ ಪ್ರಶ್ನೆ ಅದು; ಹಾರಿಕೆಯ ಉತ್ತರ ಸಲ್ಲದು. ಅಂದು ವೇಳೆ ಸಾಲಲಿಲ್ಲ. ಆದುದರಿಂದ ಆ ಉತ್ತರವನ್ನು ವಿದ್ಯಾರ್ಥಿ ಮಿತ್ರರ ಮುಂದೆ ಇಲ್ಲಿ ಇಡುತ್ತಿದ್ದೇವೆ.

ನಾವು ನಿಂತಿದ್ದ ಸ್ಥಳವೇ ಈ ವಿದ್ಯೆಯ ಮೊದಲ ಪಾಠ. ೨೦೦೮ರ ಮಾರ್ಚಿನಲ್ಲಿ ತೆರೆದ ಈ ನಿಲ್ದಾಣದಿಂದ ಯೂರೋಪಿಗೆ ಹೊರಟ ವಿಮಾನವು ಹಲವು ದೇಶಗಳ ಆಕಾಶವನ್ನು ದಾಟಬೇಕು. ಆಕಾಶಕ್ಕೆ ಬೇಲಿಯಿಲ್ಲ; ಆದರೆ ಒಡೆತನವುಂಟು. ತನ್ನ ನೆಲದ ಮೇಲಿನ ಆಕಾಶದಲ್ಲಿ ಪ್ರತಿಯೊಂದು ರಾಷ್ಟ್ರಕ್ಕೂ ಪೂರ್ಣಾಧಿಕಾರವಿದೆಯೆಂದು ೧೯೪೪ರ ಡಿಸೆಂಬರಿನಲ್ಲಿ ಶಿಕಾಗೋ ನಗರದಲ್ಲಿ ಆದ ಒಪ್ಪಂದವು ಹೇಳುತ್ತದೆ. ಅದರಂತೆ ಏರ್ಪಟ್ಟ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮುಖ್ಯ ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ಪಾಸ್‌ಪೋರ್ಟಿನ ಪುಟವನ್ನು ಯಾವ ದೇಶದ ಯಂತ್ರವಾದರೂ ಓದುವಂತೆ ನಿಯಮ ಮಾಡಿದುದೂ ಅದೇ ಸಂಸ್ಥೆ. ಆದರೆ ಅದರ ಬಳಿ ಪೊಲೀಸರಿಲ್ಲ. ಒಂದು ರಾಷ್ಟ್ರಕ್ಕೆ ಇನ್ನೊಂದರ ಅಗತ್ಯವಿರುವುದರಿಂದ ನಿಯಮಗಳು ಬಹುಮಟ್ಟಿಗೆ ನಡೆಯುತ್ತವೆ. ಪ್ರಪಂಚಕ್ಕೆಲ್ಲ ಒಂದು ಸರಕಾರವಿಲ್ಲ. ಆದರೂ ಪ್ರಪಂಚದ ಕೆಲಸಗಳು ಸಾಗುತ್ತವೆ. ಅವು ಹೇಗೆ ಸಾಗುತ್ತವೆ, ಎಲ್ಲಿ ಕೆಡುತ್ತವೆ, ಕೆಟ್ಟುದನ್ನು ಸರಿಪಡಿಸುವ ಬಗೆ ಯಾವುದು ಎಂಬ ವಿಚಾರವೇ ಈ ವ್ಯಾಸಂಗದ ತಿರುಳು.

ಎರಡನೆಯ ಪಾಠ ನಮ್ಮ ಊರಿನದೇ. ಗುಲಬರ್ಗಾ, ಬೀದರ, ರಾಯಚೂರುಗಳ ನಮ್ಮ ಹಿರಿಯರು ಹೈದರಾಬಾದ್ ಸಂಸ್ಥಾನದ ಪ್ರಜೆಗಳಾಗಿದ್ದರು. ೧೯೪೮ರ ಆಗಸ್ಟಿನಲ್ಲಿ ನಿಜಾಮ ಸರಕಾರವು ಭಾರತದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೬ರಂದು ಮಂಡಳಿಯು ಪ್ಯಾರಿಸಿನಲ್ಲಿ ವಿಷಯವನ್ನೆತ್ತಿಕೊಂಡಿತು. ೧೭ರಂದು ಹೋರಾಟವೇ ಮುಗಿದಿತ್ತು. ಹೈದರಾಬಾದ್ ಸ್ವತಂತ್ರ ರಾಷ್ಟ್ರವೇ, ಅಲ್ಲವೇ? ಅಲ್ಲವಾದರೆ ಅದು ಭಾರತದ ಆಂತರಿಕ ವಿಷಯ. ಮಂಡಳಿಗೆ ಅಲ್ಲಿ ಕೆಲಸವಿಲ್ಲ. ಅದೇ ದಿನಗಳಲ್ಲಿ ಸಂಸ್ಥಾನದ ಸುಮಾರು ಹತ್ತು ಲಕ್ಷ ಪೌಂಡುಗಳು ಲಂಡನ್ನಿನ ಬ್ಯಾಂಕೊಂದರಲ್ಲಿ ಪಾಕಿಸ್ತಾನದ ಹೈಕಮಿಷನರರ ಖಾತೆಗೆ ಹೋದವು. ಆ ಹಣ ಯಾರದೆಂಬ ವ್ಯಾಜ್ಯವು ಎಪ್ಪತ್ತು ವರ್ಷ ಎಳೆಯಿತು. ೨೦೧೯ರ ಅಕ್ಟೋಬರಿನಲ್ಲಿ ಲಂಡನ್ನಿನ ಹೈಕೋರ್ಟು ಭಾರತ ಮತ್ತು ನಿಜಾಮರ ವಂಶಸ್ಥರ ಪರವಾಗಿ ತೀರ್ಪಿತ್ತಾಗ ಆ ಮೊತ್ತವು ಸುಮಾರು ಮೂರುವರೆ ಕೋಟಿ ಪೌಂಡುಗಳಾಗಿತ್ತು. ಇದನ್ನು ತಿಳಿಯಲು ಇತಿಹಾಸವೊಂದೇ ಸಾಲದು. ಕಾನೂನೂ ಅರ್ಥಶಾಸ್ತ್ರವೂ ಬೇಕು.

ಇಂತಹ ಕಾರ್ಯ ನಮ್ಮವರಿಗೆ ನಿಲುಕದೆಂದು ಭಾವಿಸಬೇಡಿರಿ. ೧೮೮೭ರಲ್ಲಿ ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು ಅಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದ್ರಾಸು ಮತ್ತು ಕೇಂಬ್ರಿಜ್‌ಗಳಲ್ಲಿ ವ್ಯಾಸಂಗ ಮಾಡಿದರು. ಸಂವಿಧಾನ ಸಭೆಯ ಸಲಹೆಗಾರರಾದರು. ೧೯೫೦ರ ಜೂನಿನಲ್ಲಿ ಕೊರಿಯಾದ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ೧೯೫೨ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, ಮರುವರ್ಷ ನಿಧನರಾಗುವವರೆಗೂ ಆ ಸ್ಥಾನದಲ್ಲಿದ್ದರು.

ಇನ್ನು ದಾರಿಯ ಮಾತು. ಮೊದಲು ಪದವಿಯೊಂದನ್ನು ಮುಗಿಸಬೇಕು; ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳು ಒಳ್ಳೆಯ ತಳಹದಿ. ಅನಂತರದ ಸ್ನಾತಕೋತ್ತರ ವ್ಯಾಸಂಗವು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳದು. ದೆಹಲಿಯಲ್ಲಿ ೧೯೫೫ರಲ್ಲಿ ಈ ವಿಷಯಕ್ಕಾಗಿಯೇ ಹುಟ್ಟಿದ ವಿದ್ಯಾಶಾಲೆಯು ೧೯೭೦ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸೇರಿತು. ಜಿನೀವಾದ ವಿದ್ಯಾಶಾಲೆಯು ೧೯೨೭ರಷ್ಟು ಹಿಂದಿನದು. ಪರದೇಶದ ವೆಚ್ಚ ದೊಡ್ಡದು. ಆದುದರಿಂದ ವಿದ್ಯಾರ್ಥಿವೇತನವನ್ನು ಮೊದಲು ಹುಡುಕಬೇಕು, ಸಾಲವನ್ನು ಕೊನೆಗೆ. ಈ ಪದವಿ ಪಡೆದೊಡನೆ ಕೆಲಸ ಕೈಗೆ ಬರುವುದೆಂಬ ಭರವಸೆಯಿಲ್ಲ. ಭಾರತೀಯ ವಿದೇಶಾಂಗ ಸೇವೆ ಸೇರಲು ಇದು ಕಡ್ಡಾಯವೂ ಅಲ್ಲ. ಯಾವ ಪದವೀಧರನಾದರೂ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅದರ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಇಂಗ್ಲಿಷಿನ ಅರ್ಹತಾ ಪತ್ರಿಕೆಯೊಂದನ್ನು ಮಾತ್ರ ಬೇರೆಯಾಗಿ ಉತ್ತೀರ್ಣರಾಗಬೇಕು.

ಭಾಷೆಯ ವಿಷಯದಲ್ಲಿ ನೀವು ಬಡವರಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಯವರೊಡನೆ ಉರ್ದು, ತರಗತಿಯಲ್ಲಿ ಹಿಂದಿ, ಇಂಗ್ಲಿಷು—ಈ ನಗರದ ಕನ್ನಡ ಮಗುವಿಗೆ ಇವು ಸಹಜ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವ ಅಭ್ಯಾಸ ನಿಮಗೆ ಎಳವೆಯಿಂದಲೇ ಬಂದಿದೆ. ರಾಯಭಾರಿಯ ಕೆಲಸದ ಮೊದಲ ಮೆಟ್ಟಿಲು ಅದೇ. ಇಂದಿನಿಂದಲೇ ದಿನಪತ್ರಿಕೆಯ ವಿದೇಶ ವಾರ್ತೆಯನ್ನು ಭೂಪಟವನ್ನು ಮುಂದಿಟ್ಟುಕೊಂಡು ಓದಿರಿ. ಪ್ರತಿಯೊಂದು ಜಗಳದಲ್ಲಿಯೂ ಎರಡು ಪಕ್ಷಗಳ ವಾದವನ್ನು ನಿಮ್ಮ ಮಾತಿನಲ್ಲಿ ಬರೆದು ನೋಡಿರಿ.

ಆ ಹುಡುಗಿ ಒಳಗೆ ಹೋದ ಮೇಲೆಯೂ ಅವಳ ತಂದೆ ಗಾಜಿನ ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದರು. ಈ ಸಂಚಿಕೆಯ ಮೊದಲ ಪ್ರತಿಯನ್ನು ಅವರಿಗೆ ಕಳುಹಿಸುತ್ತೇವೆ.