ಬಹುಹಂತದ ಇನ್ವರ್ಟರ್: ಹಾರ್ಮೋನಿಕ್ಸ್ ತಗ್ಗಿಸುವ ಮಾಡ್ಯುಲೇಷನ್

ಎರಡೇ ಹಂತದ ಚೌಕ ಅಲೆಯಲ್ಲಿ ಒಟ್ಟು ಹಾರ್ಮೋನಿಕ್ ವಿರೂಪ ಸುಮಾರು 48.3%. ಮೆಟ್ಟಿಲು ಹೆಚ್ಚಿದಷ್ಟೂ ಅಲೆ ಸೈನ್ ರೂಪಕ್ಕೆ ಹತ್ತಿರವಾಗುತ್ತದೆ. ಇಂಥ ಬಹುಹಂತದ ಇನ್ವರ್ಟರ್‌ಗಳಲ್ಲೊಂದಾದ ನ್ಯೂಟ್ರಲ್ ಪಾಯಿಂಟ್ ಕ್ಲ್ಯಾಂಪ್ಡ್ ಇನ್ವರ್ಟರ್ ಕುರಿತ ಪ್ರಸಿದ್ಧ ಪ್ರಬಂಧ: 1981, ಜಪಾನಿನ ನಬಾಯೆ, ತಕಹಾಶಿ, ಅಕಾಗಿ.

ಕಲಿಯುವವರು ಎಡವುವುದು ಆಯ್ದ ಹಾರ್ಮೋನಿಕ್ ನಿವಾರಣೆ ಎಂಬ ಮಾಡ್ಯುಲೇಷನ್ ವಿಧಾನದಲ್ಲಿ. ಪ್ರತಿ ಫೇಸ್‌ಗೆ 3 ಸಮಾನ ಎಚ್-ಬ್ರಿಡ್ಜ್ ಸರಣಿಯಲ್ಲಿದ್ದರೆ 7 ಹಂತ. ಮೆಟ್ಟಿಲಿಗೊಂದರಂತೆ ಸ್ವಿಚಿಂಗ್ ಕೋನ 3: ಒಂದು ಮೂಲ ವೋಲ್ಟೇಜ್ ನಿಗದಿಗೆ, ಉಳಿದೆರಡು 5 ಮತ್ತು 7ನೇ ಹಾರ್ಮೋನಿಕ್ ಅಳಿಸಲು. 3ನೆಯದನ್ನು ಬಿಟ್ಟಿದ್ದೇಕೆ? ಸಮತೋಲಿತ ಮೂರು ಫೇಸ್‌ನ ಲೈನ್ ವೋಲ್ಟೇಜಿನಲ್ಲಿ ಅದು ತಾನಾಗಿಯೇ ರದ್ದಾಗುತ್ತದೆ. ಈ ವಿಧಾನದಲ್ಲಿ ಸ್ವಿಚಿಂಗ್ ನಷ್ಟವೂ ಕಡಿಮೆ; ಆದರೆ ಕೋನ ಹುಡುಕುವ ಸಮೀಕರಣಗಳು ತಲೆನೋವು.

ಫೇಸ್-ಶಿಫ್ಟೆಡ್ ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಷನ್) ಬೇರೆ ದಾರಿ. ಇದೇ 3 ಬ್ರಿಡ್ಜ್‌ಗಳ ಕ್ಯಾರಿಯರ್‌ಗಳನ್ನು ಒಂದರಿಂದೊಂದು 60 ಡಿಗ್ರಿ ಸರಿಸಿದರೆ, ಯೂನಿಪೋಲಾರ್ ವಿಧಾನದಲ್ಲಿ ಪ್ರಮುಖ ಹಾರ್ಮೋನಿಕ್‌ಗಳು ಕ್ಯಾರಿಯರ್ ಆವೃತ್ತಿಯ 6 ಪಟ್ಟಿನ ಆಸುಪಾಸಿಗೆ ಜಿಗಿಯುತ್ತವೆ. ಚಿಕ್ಕ ಫಿಲ್ಟರ್ ಸಾಕು.